ಚೆಂಡಿಗೆ ಕನ್ಯಾ ನೋಡಲು ಬಂದವರು

“ಕುರಿ ಕಾಯಾಕಿ ಡಿಗ್ರಿ ತರತಾಳಂದ್ರ ಟಗರ ಹಾಲ ಕೊಟ್ಟಂಗ” ಎಂದವನು ನಮ್ಮ ಸಿದ್ದಪ್ಪ ಕಾಕಾ. ಅಪ್ಪನ ಬೆನ್ನಿಗೆ ಬಿದ್ದ ತಮ್ಮ. ಸಿಟ್ಟಿನಿಂದ ಅಂದದ್ದಲ್ಲ, ಹೊಟ್ಟೆಕಿಚ್ಚಿನಿಂದಲೂ ಅಲ್ಲ. ನಾನೇ ಮಾಡಿಕೊಟ್ಟ ಚಹಾವನ್ನು ಬಸಿಯಲ್ಲಿ ಹಾಕಿಕೊಂಡು ಊದುತ್ತ, ಮಳೆ ಪಡುವಣದಿಂದ ಬರುತ್ತದೆ ಎನ್ನುವಷ್ಟು ಸಹಜವಾಗಿ ಹೇಳಿದ್ದ. ಅವನ ಲೆಕ್ಕದಲ್ಲಿ ಅದು ಚರ್ಚೆಯ ವಿಷಯವೇ ಅಲ್ಲ.

ಇದೆಲ್ಲ ಈಗ ಯಾಕೆ ನೆನಪಾಯಿತೆಂದರೆ, ಮೊನ್ನೆ ಬೆಳಗಾವಿಯ ಶಿವಬಸವ ನಗರದ ನಮ್ಮ ಮನೆಯ ಬಾಗಿಲಲ್ಲಿ ಕೂತು ಮೆಂತೆಪಲ್ಲೆ ಸೋಸುತ್ತಿದ್ದೆ. ಎದುರಿನ ಮನೆಯ ಮೇಲ್ಮಹಡಿಯಿಂದ ಒಬ್ಬ ಹುಡುಗಿ ಕೆಳಗೆ ನಿಂತಿದ್ದ ಗೆಳತಿಗೆ ಸ್ಕೂಟರಿನ ಕೀಲಿ ಎಸೆದಳು. ಕೀಲಿ ಎತ್ತ ಹೋಯಿತೋ ನಾನು ನೋಡಲಿಲ್ಲ. ನನ್ನ ಕಣ್ಣು ಹುಡುಗಿಯ ಮೊಣಕೈ ಮೇಲೆ ಇತ್ತು. ಮೊಣಕೈ ಮೊದಲು ಬಂತು, ಮಣಿಕಟ್ಟು ಆಮೇಲೆ ಬಂತು, ಬೆರಳುಗಳು ಎಲ್ಲಕ್ಕಿಂತ ತಡವಾಗಿ ಬಿಚ್ಚಿಕೊಂಡವು. “ಯಾವ ಸಾಲಿಗಿ ಹೋಗತೀಯವಾ?” ಎಂದು ಕೂಗಿಯೇಬಿಟ್ಟೆ. “ಸಾಲಿ ಮುಗದ ಯಾವ ಕಾಲ ಆತ್ರಿ ಆಂಟಿ, ಬ್ಯಾಂಕಿನ್ಯಾಗ ಅದೀನಿ” ಅಂದಳು ಆಕೆ ನಗುತ್ತ. ನಾನು ಮತ್ತೆ ಮೆಂತೆಯ ಮೇಲೆ ಬಿದ್ದೆ.

ಇದೊಂದು ರೋಗ. ಮದುವೆಯಲ್ಲಿ ಅಕ್ಷತೆ ಹಾಕುವಾಗ ಊರೆಲ್ಲ ಮದುಮಕ್ಕಳನ್ನು ನೋಡಿದರೆ ನಾನು ಹಾಕುವವರ ಮಣಿಕಟ್ಟು ನೋಡುತ್ತೇನೆ. ಬಹಳ ಜನ ಅಕ್ಕಿಯನ್ನು ಎಸೆಯುವುದಿಲ್ಲ, ಉದುರಿಸುತ್ತಾರೆ. ಹಿಂದಿನ ಸಾಲಿನಲ್ಲಿ ಯಾವಳೋ ಒಬ್ಬಳು ಕೂತಲ್ಲಿಂದಲೇ ನೇರ ಮದುಮಗನ ಬಾಸಿಂಗಕ್ಕೆ ತಾಗಿಸಿದಳೆಂದರೆ, ಊಟದ ಹೊತ್ತಿಗೆ ಆಕೆಯ ಬಾಜೂಕ್ಕೇ ಹೋಗಿ ಕೂತಿರುತ್ತೇನೆ. ಮನೆಯವರು “ಮತ್ತ ಯಾರನ್ನ ಹಿಡದ್ಲಪಾ ಇಕಿ” ಎಂದು ಹಣೆ ಬಡಿದುಕೊಳ್ಳುತ್ತಾರೆ.

ರೋಗ ಅಂಟಿಸಿದವರು ಜಕಾತಿ ಸರ್. ಬೆಳಗಾವಿಯ ಒಂದು ಕಾಲೇಜಿನಲ್ಲಿ ದೈಹಿಕ ಶಿಕ್ಷಣದ ಮಾಸ್ತರರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಆ ದಿನಗಳಲ್ಲಿ ಅವರಿಗೆ ಹುಡುಗಿಯರ ಸಾಫ್ಟ್‌ಬಾಲ್ ತಂಡ ಕಟ್ಟುವ ಹುಚ್ಚು ಹಿಡಿದಿತ್ತು. ಸಾಫ್ಟ್‌ಬಾಲ್ ಅಂದರೆ ಅಮೆರಿಕದವರ ಬೇಸ್‌ಬಾಲಿನ ತಂಗಿ. ಹೆಸರಿಗೆ ಮೆತ್ತಗಿನ ಚೆಂಡು. ಎಷ್ಟು ಮೆತ್ತಗೆ ಅನ್ನುವುದು ಹಣೆಗೆ ಬಿದ್ದಾಗ ತಿಳಿಯುತ್ತದೆ. ಒಬ್ಬಳು ಎಸೆಯುತ್ತಾಳೆ, ಇನ್ನೊಬ್ಬಳು ದೊಣ್ಣೆಯಿಂದ ಬಾರಿಸಿ ಓಡುತ್ತಾಳೆ, ದೂರ ನಿಂತವರು ಚೆಂಡು ಹಿಡಿದು, ಅವಳ ಓಟ ಮುಗಿಯುವ ‘ಮನೆ’ ಎಂಬ ಜಾಗದ ಕಡೆ ಎಸೆಯಬೇಕು. ಆಟ ನಿಂತಿರುವುದೇ ಈ ಕೊನೆಯ ಎಸೆತದ ಮೇಲೆ ಎಂದು ಸರ್ ನಂಬಿದ್ದರು. ಆದರೆ ಪೇಟೆಯ ಹುಡುಗಿಯರಿಗೆ ಎಸೆಯಲು ಬರುತ್ತಿರಲಿಲ್ಲ. ಅವರು ಎಂದೂ ಯಾವುದಕ್ಕೂ ಕಲ್ಲು ಹೊಡೆದವರಲ್ಲ.

ಅದಕ್ಕೇ ಪ್ರತಿ ಬೇಸಿಗೆ, ಕಾಲೇಜಿನ ಪ್ರವೇಶ ಸುರುವಾಗುವ ಮೊದಲು, ಸರ್ ಕೊಡೆ ಹಿಡಿದು ಕೆಂಪು ಬಸ್ಸು ಹತ್ತಿ ಖಾನಾಪುರದ ಕಡೆ ಹೊರಡುತ್ತಿದ್ದರು. ಮೈದಾನಗಳಿಗೆ ಹೋಗುತ್ತಿರಲಿಲ್ಲ. “ಮೈದಾನದಾಗ ಸಿಗಾಕಿ ಎಲ್ಲಾರಿಗೂ ಸಿಗತಾಳ” ಅನ್ನುತ್ತಿದ್ದರು. ಮಾವಿನ ಗಿಡದ ಕೆಳಗೆ, ಹೊಲದ ಬದುವಿನ ಮೇಲೆ, ಸಂತೆಯಲ್ಲಿ ಉಳ್ಳಾಗಡ್ಡಿ ಇಳಿಸುವಲ್ಲಿ ನಿಂತು ಹುಡುಗಿಯರ ಕೈ ನೋಡುತ್ತಿದ್ದರು. ಮಧ್ಯವಯಸ್ಸಿನ ಗಂಡಸು, ಇಸ್ತ್ರಿ ಮಾಡಿದ ಪ್ಯಾಂಟು, ಹೆಗಲಿಗೆ ಜೋಳಿಗೆಯಂಥ ಚೀಲ, ಬಾಯಲ್ಲಿ “ಈ ಹುಡುಗಿ ಯಾರ ಮಗಳ್ರಿ? ಎಷ್ಟನೇತ್ತ ಕಲತಾಳ? ವಯಸ್ಸೆಷ್ಟು?” ಇಂಥವರನ್ನು ನಮ್ಮ ಕಡೆ ಏನೆಂದು ತಿಳಿಯುತ್ತಾರೆ, ನೀವೇ ಹೇಳಿ.

ನಮ್ಮ ಹಟ್ಟಿ ಇದ್ದದ್ದು ಹಲಸಿಯ ಬಾಜೂಕ್ಕೆ. ನಾನಾಗ ಎಸ್ಸೆಸ್ಸೆಲ್ಸಿ ಪಾಸಾಗಿ ಕೂತಿದ್ದೆ. ಕೂತಿದ್ದೆ ಅನ್ನುವುದು ಮಾತಿಗೆ, ಖರೇ ಅಂದರೆ ಕುರಿಗಳ ಹಿಂದೆ ನಿಂತಿದ್ದೆ. ಆ ದಿನಗಳ ಬೆಳಗು ಈಗಲೂ ನಿದ್ದೆಯಲ್ಲಿ ಬರುತ್ತದೆ. ಮಂಜಿನಲ್ಲಿ ಕುರಿಗಳು ಕಾಣುವುದಿಲ್ಲ, ಅವುಗಳ ಮೇಲಿನ ಮಂಜು ಮಾತ್ರ ಸ್ವಲ್ಪ ದಪ್ಪ ಕಾಣುತ್ತದೆ. ಯಾವುದೋ ಒಂದು ದಪ್ಪ ಮಂಜು ಯಾರದೋ ಶೇಂಗಾ ಹೊಲದ ಕಡೆ ಸರಿಯತೊಡಗಿದರೆ ಕಲ್ಲು ಎತ್ತಿ ಒಗೆಯಬೇಕು. ಕುರಿಗೆ ಹೊಡೆಯುವುದಲ್ಲ. ಕಲ್ಲು ಕುರಿಯ ಮೂತಿಯ ಮುಂದೆ ಒಂದು ಮೊಳ ಜಾಗದಲ್ಲಿ ಬೀಳಬೇಕು. ಟಪ್ ಎಂದ ಸಪ್ಪಳಕ್ಕೆ ಅದು ಬೆಚ್ಚಿ ತಿರುಗಬೇಕು. ಉಣ್ಣೆಗೆ ಕಲ್ಲು ತಾಗಿದರೆ ಅಪ್ಪ ಆ ಹೊತ್ತು ನನ್ನ ಜೋಡಿ ಮಾತಾಡುತ್ತಿರಲಿಲ್ಲ. ನಡೆಯಲು ಕಲಿತ ಮರುವರ್ಷವೇ ಕಲಿತ ವಿದ್ಯೆ ಇದು. ಅಕ್ಷರ ಆಮೇಲೆ ಬಂತು.

ಹಾಗೆ ಒಂದು ದಿನ ಒಗೆದ ಕಲ್ಲನ್ನು, ರಸ್ತೆಯ ಅಂಚಿನಲ್ಲಿ ಬಸ್ಸು ಕಾಯುತ್ತ ಕೂತಿದ್ದ ಜಕಾತಿ ಸರ್ ನೋಡಿದರು. ಬಸ್ಸು ಬಂತು, ಹೋಯಿತು. ಸರ್ ಹತ್ತಲಿಲ್ಲ.

ಅಲ್ಲೇ ಬೀಡಿ ಸೇದುತ್ತಿದ್ದ ಕಾಕಾನನ್ನು ಅವರು ವಿಚಾರಿಸಿದರು. ಕಾಕಾ ಒಂದೇ ಉಸುರಿಗೆ ಮನೆಗೆ ಓಡಿ ಬಂದ. “ಅಣ್ಣಾ, ಬೆಳಗಾಂವದಿಂದ ಸಾಹೇಬ್ರು ಬಂದಾರ. ನಮ್ಮ ಹುಡುಗಿ ಮಾಳಿದು ಎಲ್ಲಾ ಕೇಳಿದ್ರು. ಹುಡುಗ ಸರಕಾರಿ ನೌಕರಿ ಮ್ಯಾಲೆ ಇದ್ದಂಗ ಕಾಣತೈತಿ!”

ಅವ್ವ ಗಡಬಡಿಸಿ ನನ್ನ ಮುಖ ತೊಳೆಸಿ ತನ್ನ ಹಸಿರು ಇಳಕಲ್ ಸೀರೆ ಸುತ್ತಿದಳು. ತಲೆಗೆ ಅಬ್ಬಲಿಗೆ ಮಾಲೆ. ಬಗಲ ಮನೆಯಿಂದ ರವೆ ಬಂತು, ಉಪ್ಪಿಟ್ಟು ಆಯಿತು. ಸರ್ ಕಂಬಳಿಯ ಮೇಲೆ ಕೂತು, ಇದೆಲ್ಲ ಹಳ್ಳಿಯವರ ದೊಡ್ಡ ಮನಸ್ಸು ಎಂದು ತಿಳಿದು ಸಂತೋಷವಾಗಿ ಉಪ್ಪಿಟ್ಟು ತಿಂದರು.

“ಹುಡುಗಿ ಕೈ ಭಾಳ ಚಲೋ ಐತ್ರಿ” ಅಂದರು.

“ರೊಟ್ಟಿ ಬಡಿಯಾಕ ಕುಂತ್ಲಂದ್ರ ಎದ್ದೇಳೂದ ಇಲ್ರಿ” ಎಂದು ಅವ್ವ ಬಾಗಿಲ ಮರೆಯಿಂದ ಸೇರಿಸಿದಳು.

“ಹಾಂ! ನಾ ಅಂದ್ಕೊಂಡೆ. ಅದಕ್ಕ ಮಣಿಕಟ್ಟ ಅಷ್ಟ ಗಟ್ಟಿ ಐತಿ.” ಸರ್ ಇನ್ನೊಂದು ತುತ್ತು ಉಪ್ಪಿಟ್ಟು ಬಾಯಿಗಿಟ್ಟುಕೊಂಡು ಕೇಳಿದರು: “ಮತ್ತ, ಓಡತಾಳೇನ್ರಿ?”

ಅಪ್ಪ ಎದ್ದು ನಿಂತ. “ಸಾಹೇಬ್ರ, ಬಡವರ ಇರಬಹುದು. ಆದ್ರ ಓಡಿ ಹೋಗೂ ಚಾಳಿ ನಮ್ಮ ಮನಿತನದಾಗ ಯಾರಿಗೂ ಇಲ್ಲ.”

ಸರ್ ಮುಖ ನೋಡಬೇಕಿತ್ತು. ಅವರು ಅಪ್ಪನನ್ನು ನೋಡಿದರು, ಸೀರೆಯಲ್ಲಿ ಗೊಂಬೆಯಂತೆ ನಿಂತ ನನ್ನನ್ನು ನೋಡಿದರು, ತಾಟಿನ ಉಪ್ಪಿಟ್ಟು ನೋಡಿದರು. ನಿಧಾನಕ್ಕೆ ಎಲ್ಲ ತಿಳಿಯಿತು. ಚೀಲಕ್ಕೆ ಕೈಹಾಕಿ ಬಿಳಿಯ ದಪ್ಪ ಚೆಂಡೊಂದನ್ನು ತೆಗೆದು ಕಂಬಳಿಯ ಮೇಲೆ ಇಟ್ಟರು. “ನಾ ಇದರ ಸಲುವಾಗಿ ಬಂದೇನ್ರಿ ಯಜಮಾನ್ರ.”

ಕಾಕಾ ಚೆಂಡನ್ನು ಹತ್ತಿರದಿಂದ ನೋಡಿದ. “ಅಂದ್ರ, ಈ ಚೆಂಡಿಗೆ ಕನ್ಯಾ ನೋಡಾಕ ಬಂದೀರಿ?”

“ಹಂಗ ತಿಳೀರಿ” ಅಂದರು ಸರ್.

ಆಮೇಲೆ ಅವರು ಬಿಡಿಸಿ ಹೇಳಿದರು. ತಂಡಕ್ಕೆ ಆಯ್ಕೆಯಾದರೆ ಹಾಸ್ಟೆಲ್ಲು, ಊಟ, ಫೀ ಎಲ್ಲ ಕಾಲೇಜಿನದು, ಪಿಯುಸಿಯಿಂದ ಬಿ.ಎ. ಮುಗಿಯುವ ತನಕ. ಆದರೆ ಈ ವರ್ಷ ಉಳಿದಿರುವುದು ಒಂದೇ ಜಾಗ. ಆರಿಸುವುದು ತಾವಲ್ಲ, ಕಮಿಟಿಯವರು. ಬರುವ ಸೋಮವಾರ ಮೈದಾನದಲ್ಲಿ ನೋಡಿ ಆರಿಸುತ್ತಾರೆ. ಟಗರು ಮತ್ತು ಹಾಲಿನ ಮಾತನ್ನು ಕಾಕಾ ಆಡಿದ್ದು ಆಗಲೇ. ನಂದಗಡದ ಒಂದು ಮನೆಯವರು ನನ್ನನ್ನು ಕೇಳಿದ್ದರು, ಅವರಿಗೆ ಉತ್ತರ ಕೊಡುವುದಿತ್ತು. ಅಪ್ಪ ಕಡೆಗೆ ಅಂದ: “ಸ್ವಾಮಾರ ಹೋಗೂಣು. ಆತಂದ್ರ ಸಾಲಿ. ಇಲ್ಲಂದ್ರ ನಂದಗಡದವರಿಗೆ ಹೂಂ ಅಂತೀನಿ. ಆಮ್ಯಾಲೆ ಅಳೂಹಂಗಿಲ್ಲ.”

ನಾನು ಅಳಲಿಲ್ಲ. ಆದರೆ ಸೋಮವಾರದ ತನಕ ಕೈಗೆ ಸಿಕ್ಕದ್ದನ್ನೆಲ್ಲ ಒಗೆದೆ. ಕಾಕಾನ ಒಂದು ಚಪ್ಪಲಿ ಇನ್ನೂ ಹಟ್ಟಿಯ ಹುಣಸೆ ಗಿಡದ ಮೇಲೆ ಇದ್ದರೂ ಇರಬಹುದು.

ಖಾನಾಪುರದಿಂದ ಬೆಳಗಾವಿಗೆ ಆಗ ಉಗಿಬಂಡಿ. ಕಿಟಕಿಯಲ್ಲಿ ಕೂತರೆ ಕಣ್ಣಿಗೆ ಕಲ್ಲಿದ್ದಲ ಚೂರು, ಆಚೆ ಸರಿಯುವ ಗದ್ದೆ, ಕಾಡು, ಮತ್ತೆ ಗದ್ದೆ. ಮೊದಲ ಸಲ ರೈಲು ಹತ್ತಿದ್ದ ನನಗೆ ನಾವು ಕೂತಲ್ಲೇ ಇದ್ದೇವೆ, ಲೋಕವೇ ಯಾರೋ ಒಗೆದಂತೆ ಹಿಂದಕ್ಕೆ ಹೋಗುತ್ತಿದೆ ಅನ್ನಿಸಿತು. ಆ ಅನ್ನಿಸಿಕೆ ಇವತ್ತಿಗೂ ಪೂರ್ತಿ ಹೋಗಿಲ್ಲ. ಅಪ್ಪ ಎದುರಿಗೆ ಕೂತು ಗಟ್ಟಿಯಾಗಿ ಸರಳು ಹಿಡಿದುಕೊಂಡಿದ್ದ. ಕಾಕಾ “ಹೋಗಿ ಬರೂಣು ಬಿಡು, ಪ್ಯಾಟಿ ನೋಡಿದಂಗ ಆತು” ಅನ್ನುತ್ತಿದ್ದ.

ಮೈದಾನದ ಸುತ್ತ ದೊಡ್ಡ ದೊಡ್ಡ ಗಿಡಗಳು. ಜಿಟಿಜಿಟಿ ಮಳೆ ನಿಂತು ಹುಲ್ಲಿನಿಂದ ಹೊಗೆಯಂತೆ ಮಂಜು ಏಳುತ್ತಿತ್ತು. ಬೇರೆ ಇಬ್ಬರು ಹುಡುಗಿಯರು ಬಿಳಿ ಬೂಟು ಹಾಕಿ ಬಂದಿದ್ದರು. ನಾನು ಬರಿಗಾಲು, ಲಂಗ ದಾವಣಿ. ಮೊದಲು ದೂರ ಎಸೆಯಲು ಹೇಳಿದರು. ಎಸೆದೆ. ಚೆಂಡು ಮಂಜಿನೊಳಗೆ ಹೋಗಿ ಎಷ್ಟು ಹೊತ್ತಾದರೂ ಬೀಳಲಿಲ್ಲ. ಅಥವಾ ನನಗೆ ಹಾಗೆ ನೆನಪು. ಕುರ್ಚಿಯ ಮೇಲೆ ಕೂತ ಕಮಿಟಿಯವರು ಒಬ್ಬರ ಮುಖ ಒಬ್ಬರು ನೋಡಿದರು.

ಆಮೇಲೆ ಗುರಿ. ದೂರದಲ್ಲಿ ಒಬ್ಬ ಗಟ್ಟಿ ಹುಡುಗಿ ಚರ್ಮದ ಕೈಚೀಲದಂಥ ಗವುಸು ಹಿಡಿದು ನಿಂತಿದ್ದಳು. ಚೆಂಡು ಅವಳ ಗವುಸಿಗೆ ಹೋಗಬೇಕು. ಎಸೆದೆ. ಅವಳ ಎಡಕ್ಕೆ ಹೋಯಿತು. ಮತ್ತೆ ಎಸೆದೆ, ಮತ್ತೆ ಎಡಕ್ಕೆ. ಎಷ್ಟು ಎಸೆದರೂ ಅಲ್ಲಿಗೇ. ಅವಳು ಹಾರಿ ಹಾರಿ ದಣಿದು ಸೊಂಟಕ್ಕೆ ಕೈ ಕೊಟ್ಟು ನಿಂತಳು. ಕಪ್ಪು ಕನ್ನಡಕದ ಹಿರಿಯರೊಬ್ಬರು, “ಜೋರ ಐತಿ ಜಕಾತಿ, ಗುರಿ ಇಲ್ಲ. ಇಕಿನ್ನ ತಗೊಂಡು ಹದ್ದ ಓಡಸೂಣೇನು?” ಅಂದರು. ನಗು ಎದ್ದಿತು. ಬೇಲಿಯ ಹತ್ತಿರ ಕಾಕಾ ಕಂಬಳಿ ಕೊಡವಿ ಹೆಗಲಿಗೆ ಹಾಕಿಕೊಂಡದ್ದು ಕಂಡಿತು. ಹೊರಡುವ ತಯಾರಿ. ನನ್ನ ಕಣ್ಣ ಮುಂದೆ ನಂದಗಡ ಬಂದು ನಿಂತಿತು. ಊರು ಕೆಟ್ಟದ್ದಲ್ಲ, ಈಗ ಅಲ್ಲಿ ನನ್ನ ಬೀಗರಿದ್ದಾರೆ. ಆದರೆ ಆಗ ಅದು ಬಾಗಿಲು ಮುಚ್ಚಿದ ಸಪ್ಪಳದಂತೆ ಕೇಳಿಸಿತು.

ಸರ್ ನನ್ನ ಹತ್ತಿರ ಬಂದರು. “ಅಂಜಿದೀ ಏನವಾ?”

“ಇಲ್ರಿ.”

“ಮತ್ತ ಯಾಕ ಪ್ರತಿ ಸರ್ತಿ ಒಂದ ಮೊಳ ಬಾಜೂಕ್ಕ?”

“ತಾಗಬಾರದಲ್ರಿ ಸರ್.”

“ಯಾರಿಗೆ?”

“ಆ ಅಕ್ಕಾರಿಗ್ರಿ. ನಾ ಏನ ನೋಡಿ ಒಗದ್ರೂ ಅದಕ್ಕಿಂತ ಒಂದ ಮೊಳ ಆಚೆ ಬೀಳತೈತ್ರಿ. ಕುರಿಗೆ ತಾಗಬಾರದು, ಮೂತಿ ಮುಂದ ಬೀಳಬೇಕು ಅಂತ ಅಪ್ಪ ಕಲಿಸ್ಯಾನ್ರಿ. ನನ್ನ ಕೈ ಬ್ಯಾರೆ ಕಲ್ತಿಲ್ರಿ.”

ಸರ್ ಮುಖದಲ್ಲಿ ನಗು ಹರಡಿತು, ಹೊಲದ ಮೇಲೆ ಬಿಸಿಲು ಬಂದ ಹಾಗೆ, ಒಂದು ಕಡೆಯಿಂದ. ಕಮಿಟಿಯವರ ಕಡೆ ತಿರುಗಿ, “ಇನ್ನೊಂದ ಎಸೆತ ಕೊಡ್ರಿ ಸಾಹೇಬ್ರ” ಅಂದರು. ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು: “ಆ ಅಕ್ಕನ್ನ ಮರತ ಬಿಡು. ಆಕಿ ಬಲಕ್ಕ ಒಂದ ಮೊಳದ ಮ್ಯಾಲೆ ಒಂದು ಕುರಿ ನಿಂತೈತಿ. ಆಕಿ ಕಡೆ ಮೂತಿ ಮಾಡಿ ಹೊಲಕ್ಕ ಹೊಂಟೈತಿ. ಅದನ್ನ ತಿರುಗಿಸು.”

“ಯಾವ ಕುರಿ ಸರ್?”

“ನಿನಗ ಗೊತ್ತಿದ್ದದ್ದು.”

ನಾನು ನೋಡಿದೆ. ಮಂಜಿನಲ್ಲಿ, ಆ ಹುಡುಗಿಯ ಬಲಕ್ಕೆ, ನಮ್ಮ ಕಿವಿ ಹರಿದ ಕರಿ ಕುರಿ ಇತ್ತು. ಹಟ್ಟಿಯಲ್ಲೇ ಹಟಮಾರಿ. ಬೆಳಗಾವಿಯ ತನಕ ಅದು ಹೇಗೆ ಬಂತು ಎಂದು ನನಗೆ ಆಶ್ಚರ್ಯವೂ ಆಗಲಿಲ್ಲ. ತಲೆ ತಗ್ಗಿಸಿ ಹುಲ್ಲು ಕಿತ್ತಿತು, ಅಗಿಯಿತು, ಒಂದು ಹೆಜ್ಜೆ ಮುಂದಿಟ್ಟಿತು. ನಾನು ಒಗೆದೆ.

ಗವುಸು ಫಟ್ಟೆಂದಿತು. ಇಡೀ ಮೈದಾನ ಕೇಳುವ ಹಾಗೆ. ಮತ್ತು ಆ ಸಪ್ಪಳದ ಹಿಂದೆಯೇ ಬೇಲಿಯ ಕಡೆಯಿಂದ, “ಹುರ್ರ್... ಹುರ್ರ್ ಬಾ” ಎಂದು ಅಪ್ಪನ ದನಿ. ತಿರುಗಿದ ಕುರಿಯನ್ನು ಕರೆಯುವ ದನಿ. ಸರ್ ನನಗೆ ಹೇಳಿದ್ದು ಅಷ್ಟು ದೂರಕ್ಕೆ ಕೇಳಿಸಿರಲು ಸಾಧ್ಯವೇ ಇಲ್ಲ. ಎಸೆತ ನೋಡಿ ಅಪ್ಪನಿಗೂ ಕುರಿ ಕಂಡಿತ್ತು.

ಕಪ್ಪು ಕನ್ನಡಕದವರು ಕನ್ನಡಕ ತೆಗೆದರು. “ಇನ್ನೊಮ್ಮಿ” ಅಂದರು. ಕುರಿ ಇನ್ನೊಮ್ಮೆ ತಿರುಗಿತು.

ಹೀಗೆ ನಾನು ಕಾಲೇಜು ಸೇರಿದೆ. ಮುಂದಿನ ಎಲ್ಲ ವರ್ಷ, ಎಲ್ಲ ಊರಿನ ಮೈದಾನಗಳಲ್ಲಿ ಆ ಕರಿ ಕುರಿ ಯಾರ ಕಣ್ಣಿಗೂ ಬೀಳದೆ ನನ್ನ ಜೋಡಿ ಬಂತು.

ನನ್ನನ್ನು ದೊಡ್ಡ ಆಟಗಾರ್ತಿ ಎಂದು ತಿಳಿಯಬೇಡಿ. ಮೊದಲ ಪಂದ್ಯದಲ್ಲಿ ನನ್ನ ದೊಣ್ಣೆಗೆ ಚೆಂಡು ಅದು ಹೇಗೋ ಬಡಿಯಿತು. ಓಡತೊಡಗಿದೆ. ಓಡಿ ಮುಟ್ಟಬೇಕಾದ ಜಾಗಕ್ಕೆ ಆಟದಲ್ಲಿ ಬೇಸ್ ಅನ್ನುತ್ತಾರೆ. ಸರ್ ಗೆರೆಯಾಚೆಯಿಂದ “ಬೇಸ್! ಬೇಸ್!” ಎಂದು ಗಂಟಲು ಹರಿಯುವಂತೆ ಕೂಗಿದರು. ನಮ್ಮ ಹಟ್ಟಿಯಲ್ಲಿ ಬೇಸ್ ಅಂದರೆ ಭಲೆ, ಚಲೋ ಮಾಡಿದಿ ಎಂದು. ಅಷ್ಟು ಜನರೆದುರು ಗುರುಗಳು ಹೊಗಳುವಾಗ ಓಡುವುದು ಸರಿಯೇ? ನಡುದಾರಿಯಲ್ಲಿ ನಿಂತು, ತಿರುಗಿ, ಅವರಿಗೆ ಕೈ ಮುಗಿದೆ. ಔಟ್. ಸರ್ ಟೋಪಿ ನೆಲಕ್ಕೆ ಬಡಿದರು. ಹಾಸ್ಟೆಲ್ಲಿನಲ್ಲಿ ಯಾರು ಪಲ್ಯ ಚೆನ್ನಾಗಿ ಮಾಡಿದರೂ ಗೆಳತಿಯರು “ಬೇಸ್” ಅಂದು ಕೈ ಮುಗಿದು ನಿಂತುಬಿಡುತ್ತಿದ್ದರು.

ಎರಡನೆಯ ವರ್ಷದಿಂದ ಸರ್ ತಮ್ಮ ಬೇಸಿಗೆಯ ತಿರುಗಾಟಕ್ಕೆ ನನ್ನನ್ನೂ ಕರೆದುಕೊಂಡು ಹೋದರು. ಜೊತೆಗೆ ಹೆಣ್ಣುಮಗಳಿದ್ದರೆ ಕನ್ಯಾ ನೋಡುವವರೆಂದು ತಿಳಿಯುವುದಿಲ್ಲ ಎಂಬುದು ಅವರ ವಿಚಾರ. ಆದದ್ದೇ ಬೇರೆ. ಈಗ ಜನ ನನ್ನನ್ನು ಹುಡುಗನ ಅಕ್ಕ ಎಂದು ತಿಳಿದು ಎರಡು ತಾಟು ಉಪ್ಪಿಟ್ಟು ತರತೊಡಗಿದರು. ಪೀರನವಾಡಿಯಲ್ಲಿ ಒಬ್ಬ ಮುದುಕಿ ನನ್ನ ಕೈಹಿಡಿದು, “ನಾದಿನಿ ಇಷ್ಟ ಮೆತ್ತಗಿದ್ರ ನಮ್ಮ ಹುಡುಗಿ ಸುಖವಾಗಿರತಾಳ್ರಿ” ಅಂದಳು.

ಆ ತಿರುಗಾಟಗಳು ನನ್ನ ಬದುಕಿನ ಅತಿ ಸಾವಕಾಶದ ದಿನಗಳು. ಬದುವಿನ ಮೇಲೆ ಕೂತು, ಹೊಲದಲ್ಲಿ ಗಿಳಿ ಓಡಿಸುವ ಹುಡುಗಿಯರನ್ನು ನೋಡುತ್ತಿದ್ದೆವು. ಮಾತಿಲ್ಲ. ದೂರದಲ್ಲೊಂದು ಕೈ ಏಳುತ್ತದೆ, ಕಲ್ಲು ಕಾಣುವುದಿಲ್ಲ, ತೆನೆಗಳ ಮೇಲಿಂದ ಗಿಳಿಗಳ ಹಸಿರು ಚಾದರವೊಂದು ಎದ್ದು, ಗಾಳಿಯಲ್ಲಿ ಝಾಡಿಸಿಕೊಂಡು, ಇನ್ನೊಂದು ಹೊಲದ ಮೇಲೆ ಹಾಸಿಕೊಳ್ಳುತ್ತದೆ. “ಕೈ ನೋಡಬ್ಯಾಡ” ಅನ್ನುತ್ತಿದ್ದರು ಸರ್. “ಕೈ ಎಲ್ಲಾರಿಗೂ ಇರತಾವ. ಕಲ್ಲ ಬಿಟ್ಟ ಮ್ಯಾಲೆ ಕಣ್ಣ ಎಲ್ಲಿ ಹೋಗತೈತಿ ನೋಡು. ಕೆಲವರು ಒಗದು ಮರೀತಾರ. ಕೆಲವರು ಕಲ್ಲಿನ ಜೋಡಿ ತಾವೂ ಹೋಗತಾರ.” ಕಲ್ಲಿನ ಜೋಡಿ ಹೋಗುವವಳೊಬ್ಬಳು ಇಡೀ ಬೇಸಿಗೆಯಲ್ಲಿ ಸಿಕ್ಕರೆ ಸಿಕ್ಕಳು, ಇಲ್ಲವಾದರೆ ಇಲ್ಲ. ಸಿಕ್ಕದ ದಿನ ಸರ್‌ಗೆ ಬೇಸರವಾದದ್ದನ್ನು ನಾನು ನೋಡಲಿಲ್ಲ. ಶೇಂಗಾ ಸುಲಿದು ತಿನ್ನುತ್ತ, ಯಾರದೋ ಮಗಳು ಸಂಜೆಯ ಬಿಸಿಲಿಗೆ ಕೈ ಎತ್ತುವುದನ್ನು ನೋಡುತ್ತ ಕೂತಿರುತ್ತಿದ್ದರು. ಬಸ್ಸುಗಳು ಬಂದು ಹೋಗುತ್ತಿದ್ದವು.

ಓದು ಮಾತ್ರ ಕನಸಿನಂತಿರಲಿಲ್ಲ. ಅದು ಕಲ್ಲುಗುಡ್ಡ. ಇಂಗ್ಲಿಷಿನಲ್ಲಿ ಒಮ್ಮೆ ಡುಮ್ಕಿ ಹೊಡೆದು, ಅಕ್ಟೋಬರಿನಲ್ಲಿ ಮತ್ತೆ ಕೂತು ಪಾಸಾದೆ. ಎಲ್ಲರೂ ಮಲಗಿದ ಮೇಲೆ ಓದಿದೆ, ಎಲ್ಲರೂ ಏಳುವ ಮೊದಲು ಓದಿದೆ, ಬಲಗೈಗೆ ಅರಿಷಿಣದ ಪಟ್ಟು ಹಾಕಿಕೊಂಡು ಎಡಗೈಯಿಂದ ಪುಟ ತಿರುವಿದೆ. ಬಿ.ಎ. ಸೆಕೆಂಡ್ ಕ್ಲಾಸು. ಈ ಮಾತನ್ನು ಸಣ್ಣ ದನಿಯಲ್ಲಿ ಹೇಳುವವಳು ನಾನಲ್ಲ. ನಮ್ಮ ಹಟ್ಟಿಯಲ್ಲಿ ಗಂಡು ಹೆಣ್ಣು ಯಾರೂ ಅಲ್ಲಿಯ ತನಕ ಹೋಗಿರಲಿಲ್ಲ. ನಾನು ಹೋದೆ.

ಪದವಿ ಪತ್ರ ಕೈಗೆ ಬಂದ ದಿನ ಖಾನಾಪುರದಲ್ಲಿ ಇಳಿದಾಗ ಕಾಕಾ ಸಿಕ್ಕ. ನಾಲ್ಕು ಮಂದಿಯ ನಡುವೆ ನಿಂತು, “ಆ ಸರ್‌ನ ಮನಿಗಿ ಕರಕೊಂಡ ಬಂದಾವ ಯಾರು? ನಾನಽ” ಎಂದು ಎದೆ ಬಡಿದು ಹೇಳಿಕೊಳ್ಳುತ್ತಿದ್ದ. ಸುಳ್ಳಲ್ಲವಲ್ಲ, ನಾನೂ ಹೌದಂದೆ.

ಅಪ್ಪ ಹಲಸಿಯ ಆಚೆ ಯಾರದೋ ಹೊಲದಲ್ಲಿ ಕುರಿ ತರುಬಿದ್ದ. ನಾನು ಹೋದಾಗ ಒಂದು ಮರಿಯ ಕಾಲಿನಿಂದ ಮುಳ್ಳು ಕೀಳುತ್ತಿದ್ದ. ಮುಳ್ಳು ಪೂರ್ತಿ ಬರುವ ತನಕ ತಲೆ ಎತ್ತಲಿಲ್ಲ. ಆಮೇಲೆ ಮರಿಯನ್ನು ಬಿಟ್ಟು, ಧೋತರಕ್ಕೆ ಕೈ ಒರೆಸಿಕೊಂಡು ಚಾಚಿದ. ಪತ್ರವನ್ನು ಅವನ ಎರಡೂ ಕೈಯಲ್ಲಿ ಇಟ್ಟೆ.

ಅಪ್ಪನಿಗೆ ಓದಲು ಬಾರದು. ನಾನು ಬೆರಳಿಟ್ಟು ತೋರಿಸಿದೆ. “ಇದು ನನ್ನ ಹೆಸರಪ್ಪ. ಇದು ನಿಂದು, ಬೀರಪ್ಪ ಅಂತ. ಇದು ಬಿ.ಎ. ಅಂತ. ಇದು ಅವರ ಸಹಿ.”

ಅಪ್ಪ ನನ್ನ ಬೆರಳಿನ ಹಿಂದೆ ಹಿಂದೆ ಬಂದ. ಮುಗಿದ ಮೇಲೂ ಕಾಗದದ ಮೇಲೆ ಏನೋ ಹುಡುಕುತ್ತಿದ್ದ. ತಿರುವಿ ಹಿಂದಿನ ಬದಿಯನ್ನೂ ನೋಡಿದ.

“ಇದರಾಗ ಚೆಂಡಿಂದು ಎಲ್ಲೈತಿ?”

“ಚೆಂಡಿಂದು ಬರಿಯೂದಿಲ್ಲಪ್ಪ ಇದರಾಗ.”

“ಕುರೀದು?”

ನನಗೆ ನಗು ಬಂತು, ಜೊತೆಗೆ ಇನ್ನೇನೋ ಬಂತು. “ಅದೂ ಇಲ್ಲ.”

ಅಪ್ಪ ಪತ್ರವನ್ನು ಮತ್ತೆ ಮುಂದಿನ ಬದಿಗೆ ತಿರುಗಿಸಿ, ಗಾಳಿಗೆ ಹಾರದಂತೆ ಎದೆಗೆ ಒತ್ತಿ ಹಿಡಿದುಕೊಂಡ.

“ಇರವಲ್ದು ಬಿಡು ಮಗಳ” ಅಂದ. “ನಮಗ ಗೊತ್ತೈತಲ್ಲ.”